ಬಾಲವಿಲ್ಲದ ನಾಯಿಯ ಬಾಲ

ಕೊಡಿಯಾಲ್‌ಬೈಲ್
14 ನವೆಂಬರ್ 2024

ಆಶಾಲತಾ,

ಅಕ್ಷರ ನೋಡಿ ಗಾಬರಿ ಆಗಬೇಡ. ಅಕ್ಷರ ನನ್ನ ಸೊಸೆ ರಿಝ್ವಾನಾಳದ್ದು, ಮಾತು ನನ್ನದು. ನಿನ್ನ ನಾಯಿ ದಾಸು ನನ್ನ ಬಲಗೈಗೆ ಬಾಯಿ ಹಾಕಿ ತಿಂಗಳಾಗುತ್ತಾ ಬಂತು, ಪೆನ್ನು ಹಿಡಿಯಲಿಕ್ಕೆ ಆಗುವುದಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಪತ್ರವನ್ನು ಅರ್ಧದಲ್ಲಿ ಕಟ್ ಮಾಡಲಿಕ್ಕೆ ಆಗುವುದಿಲ್ಲವಲ್ಲ, ಅದಕ್ಕೆ ಇದು. ತುಳುವಿನಲ್ಲಿ ಬೈದರೆ ರುಚಿ ಜಾಸ್ತಿ. ಆದರೆ ನಮಗೆ ಬರೆಯಲಿಕ್ಕೆ ಕಲಿಸಿದ್ದು ಕನ್ನಡ, ಹಾಗಾಗಿ ಕನ್ನಡದಲ್ಲೇ ಕೇಳಿಸಿಕೋ.

ಬಲ್ಮಠದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಮದುವೆಯಾಗಿ ಬಂದದ್ದೂ ಒಂದೇ ಓಣಿಗೆ. ನಡುವೆ ಇರುವುದು ಒಂದು ಕಂಪೌಂಡ್ ಗೋಡೆ. ಅದರ ಮೇಲಿಂದ ನಿನ್ನ ಬಂಗುಡೆ ಸಾರು ಈಚೆ ಬಂದಿದೆ, ನನ್ನ ಅಕ್ಕಿರೊಟ್ಟಿ ಪತ್ತಿರಿ ಆಚೆ ಹೋಗಿದೆ. ಈಗ ನೋಡಿದರೆ ನೀನು ಸುರತ್ಕಲ್‌ಗೆ ಹೋಗಿ ಕೂತಿದ್ದಿ. ಮಗಳು ನಿರೀಕ್ಷಾಳ ಬಾಣಂತನವಂತೆ. ಹೆರಿಗೆಗೆ ಮಗಳು ತಾಯಿಮನೆಗೆ ಬರುವುದು ಗೊತ್ತುಂಟು, ತಾಯಿಯೇ ಮಗಳ ಮನೆಗೆ ಓಡುವುದು ಇದೇ ಮೊದಲು ಕೇಳಿದ್ದು.

ಕಳೆದ ವಾರ ನಿನ್ನ ಮಗ ಗೌರವ್ ಬಂದಿದ್ದ. ಒಂದು ಲಕೋಟೆ ಕೊಟ್ಟು, "ಆಂಟಿ, ಖರ್ಚಿಗೆ ಇಟ್ಟುಕೊಳ್ಳಿ, ಇಲ್ಲೊಂದು ಸಹಿ ಹಾಕಿ" ಅಂದ. ನನಗೆ ಯಾರ ಮೇಲೂ ದೂರು ಇಲ್ಲ ಅಂತ ಆ ಕಾಗದದಲ್ಲಿತ್ತು. ಸಹಿ ಹಾಕುವ ಕೈ ನೆಟ್ಟಗಿದ್ದರಲ್ಲವಾ ಹಾಕುವುದು! ಲಕೋಟೆ ವಾಪಸ್ ಕೊಟ್ಟೆ. ನಿನ್ನ ಮಗ ಕೆಟ್ಟವನಲ್ಲ, ನಾನೇ ಎತ್ತಿ ಆಡಿಸಿದವನು. ಆದರೆ ನನಗೆ ದಾನ ಬೇಡ ಆಶಾ. ನ್ಯಾಯವಾಗಿ ನನಗೆ ಬರಬೇಕಾದ್ದು ಎಂತ ಉಂಟೋ ಅದು ಬರಲಿ. ದುಬೈಯಿಂದ ಇಮ್ತಿಯಾಝ್ "ನಾನು ಕಳಿಸ್ತೇನೆ ಉಮ್ಮ" ಅಂತಾನೆ. ನಾಯಿ ಕಚ್ಚಿದ್ದು ಇಲ್ಲಿ, ದಂಡ ಕಟ್ಟುವುದು ದುಬೈಯಲ್ಲಿರುವ ನನ್ನ ಮಗನಾ? ಬೇಡ ಅಂದೆ.

ಹೆಬ್ಬೆರಳಿನ ಬುಡದಲ್ಲಿ ಹಗ್ಗದ ಹಾಗೆ ಒಂದು ನರ ಇರುತ್ತದಂತೆ, ಅದು ತುಂಡಾಗಿದೆ. ಹೊಲಿಗೆ ಹಾಕಿದ್ದಾರೆ, ಬೆರಳು ಮಾತ್ರ ಮಡಚುವುದಿಲ್ಲ. ಇನ್ನೊಂದು ಆಪರೇಷನ್ ಆಗಬೇಕು, ಅದೂ ಬರುವ ಮಳೆಗಾಲದ ಮೊದಲು. ಆಮೇಲೆ ಮಾಡಿಸಿ ಪ್ರಯೋಜನ ಇಲ್ಲ ಅಂತ ಡಾಕ್ಟರು ಹೇಳಿದರು. ಮದುಮಗಳ ರವಿಕೆ ಹೊಲಿದು ಬದುಕಿದವಳು ನಾನು. ಇನ್ನು ಸೂಜಿ ಹಿಡಿಯುವುದು ಎಂತ, ಕಾಲಿನಲ್ಲಾ?

ಆ ದಿನ ನನ್ನ ಕೈಯಿಂದ ರಕ್ತ ಸುರಿಯುವಾಗ ನೀನು ಓಡಿಹೋಗಿ ಮಲ್ಲಿಗೆ ಚಟ್ಟಿಯಿಂದ ಒಂದು ಮುಷ್ಟಿ ಮಣ್ಣು ತಂದಿ. ನಾಯಿಯ ಜೊಲ್ಲು ತಾಗಿದರೆ ನಮ್ಮಲ್ಲಿ ಏಳು ಸಲ ತೊಳೆಯಬೇಕು, ಒಂದು ಸಲ ಮಣ್ಣು ಹಾಕಿ ತೊಳೆಯಬೇಕು ಅಂತ ನಾನು ಯಾವ ಕಾಲದಲ್ಲೋ ಹೇಳಿದ್ದು ನಿನಗೆ ಆ ಗಡಿಬಿಡಿಯಲ್ಲೂ ನೆನಪಾಯಿತು. "ಗಾಯಕ್ಕೆ ಮಣ್ಣಾ ಅಮ್ಮ, ಮಂಡೆ ಸಮ ಉಂಟಾ ನಿಮಗೆ" ಅಂತ ಗೌರವ್ ಬೊಬ್ಬೆ ಹಾಕಿ ನಲ್ಲಿಯ ಕೆಳಗೆ ಸಾಬೂನು ಹಾಕಿ ತೊಳೆದ. ಆ ಮಣ್ಣು ತಂದವಳೇ ಈಗ ಫೋನು ಎತ್ತುವುದಿಲ್ಲ ಅಂದರೆ ನನಗೆ ತಲೆಗೇ ಹೋಗುವುದಿಲ್ಲ.

"ನೋವುಂಟಾ ರುಕ್ಕು" ಅಂತ ಒಂದು ಮಾತು ನೀನು ಕೇಳಲಿಲ್ಲ. ನನಗೆ ತುಂಬಾ ಬೇಜಾರಾಗಿದೆ.

ರುಖಿಯಾ

(ಆಂಟಿ, ಮಾಮಿ ಹೇಳಿದ್ದರಲ್ಲಿ ಎರಡು ಮಾತು ನಾನು ಬಿಟ್ಟಿದ್ದೇನೆ. ಬರೆಯುವ ಹಾಗಿರಲಿಲ್ಲ. – ರಿಝ್ವಾನಾ)


ಸುರತ್ಕಲ್
25 ನವೆಂಬರ್ 2024

ಪ್ರಿಯ ರುಖಿಯಾ,

ನಿನ್ನ ಪತ್ರ ತಲುಪಿತು. ನಿನ್ನ ಆರೋಗ್ಯ ಶೀಘ್ರವಾಗಿ ಸುಧಾರಿಸಲಿ ಎಂದು ಹಾರೈಸುತ್ತೇನೆ. ನಡೆದ ಘಟನೆಯ ಕುರಿತು ಸಂಬಂಧಪಟ್ಟ ವಿಮಾ ಕಂಪನಿಗೆ ತಿಳಿಸಲಾಗಿದೆ.

ಇಷ್ಟು ಗೌರವ್ ಹೇಳಿ ಬರೆಸಿದ್ದು. ಇನ್ನು ನನ್ನದು.

ದಾಸುವನ್ನು ತಂದಾಗ ಗೌರವ್ ನನ್ನ ಹೆಸರಿನಲ್ಲಿ ಒಂದು ಇನ್ಶೂರೆನ್ಸ್ ಮಾಡಿಸಿದ್ದ. ನಾಯಿಗೆ ಕಾಯಿಲೆ ಬಂದರೆ ಬೇಕಾಗುತ್ತದೆ ಅಂತ. ನಾಯಿ ಹೊರಗಿನವರನ್ನು ಕಚ್ಚಿದರೆ ಅವರಿಗೆ ಪರಿಹಾರವೂ ಅದರಲ್ಲೇ ಉಂಟು ಅಂತ ಈಗ ಗೊತ್ತಾಯಿತು. ಅದಕ್ಕೆ ನೀನು ನನ್ನ ಮೇಲೆ ಕ್ಲೇಮ್ ಹಾಕಬೇಕು. ಹಾಕು. ಒಂದು ಚೂರೂ ಹಿಂದೆಮುಂದೆ ನೋಡಬೇಡ. ಹ್ಯೂಬರ್ಟ್ ಅಂತ ಕಂಪನಿಯ ಸರ್ವೇಯರ್ ಒಬ್ಬರು ನಿನ್ನ ಮನೆಗೆ ಬರುತ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳು.

ಆದರೆ ಒಂದು ಶರತ್ತು ಉಂಟು. ಕಂಪನಿ ಒಪ್ಪದೆ ನಾನು ಪೆಟ್ಟಾದವರ ಹತ್ತಿರ ತಪ್ಪು ನನ್ನದು ಅಂತ ಹೇಳಬಾರದು. ಹೇಳಿದರೆ ಕಂಪನಿ ಕೈ ಎತ್ತಿಬಿಡಬಹುದಂತೆ. ಆಗ ನಿನ್ನ ಗತಿ? ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬಾಯಿ ಮುಚ್ಚಿಕೊಂಡು ಇರುವ ಜನವಾ ನಾನು, ನೀನೇ ಹೇಳು. ಅದಕ್ಕೇ ಎತ್ತಲಿಲ್ಲ. ಪ್ರತಿ ಸಲ ಅದು ರಿಂಗಾಗಿ ನಿಲ್ಲುವವರೆಗೆ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ಓಡಿ ಬಂದದ್ದಲ್ಲ ಮಾರಾಯ್ತಿ. "ಆ ನಾಯಿ ಇರುವಲ್ಲಿಗೆ ನಾನು ಮಗು ತರುವುದಿಲ್ಲ" ಅಂತ ನಿರೀಕ್ಷಾ ಹಟ ಹಿಡಿದಳು. ತವರಿಗೆ ಬರಲು ಹೆದರುವ ಮಗಳಿಗೆ ನಾನು ಎಂತ ಹೇಳುವುದು? ನಾನೇ ಬಂದೆ. ಹೆಣ್ಣು ಮಗು ಹುಟ್ಟಿದೆ. ಮೂಗು ನನ್ನ ಗಂಡನದ್ದು, ಪಾಪ.

ಆ ದಿನದ ಬಗ್ಗೆ ನಾನು ಎಂತದೂ ಬರೆಯುವ ಹಾಗಿಲ್ಲ. ನೋವುಂಟಾ ಅಂತಲಾದರೂ ಕೇಳಬಹುದಾ ಅಂತ ಗೌರವನ ಹತ್ತಿರ ಕೇಳಿದೆ. ಅಷ್ಟು ಕೇಳಬಹುದಂತೆ.

ನೋವುಂಟಾ ರುಕ್ಕು?

ಆಶಾ


ಕೊಡಿಯಾಲ್‌ಬೈಲ್
18 ಡಿಸೆಂಬರ್ 2024

ಆಶಾ,

ಇದು ನನ್ನದೇ ಎಡಗೈ. ಕಾಗೆಕಾಲು ಗುಬ್ಬಿಕಾಲಿನ ಹಾಗೆ ಕಂಡರೆ ನಗಬೇಡ, ಕೆಲಸ ಇಲ್ಲದವಳಿಗೆ ಸಮಯಕ್ಕೆ ಎಂತ ಬರ, ದಿನಾ ಕೂತು ಅಭ್ಯಾಸ ಮಾಡಿದ್ದೇನೆ. ಈ ಪತ್ರಕ್ಕೆ ಸೊಸೆ ಬೇಡ ಅಂತ ಅನಿಸಿತು.

ನೋವುಂಟು. ರಾತ್ರಿ ಜಾಸ್ತಿ. ನೀನು ಕೇಳಿದ ಮೇಲೆ ಸ್ವಲ್ಪ ಕಮ್ಮಿ ಉಂಟು ಅಂತ ಬರೆದರೆ ನೀನು ಉಬ್ಬಿ ಹೋಗುತ್ತಿ, ಅದಕ್ಕೆ ಬರೆಯುವುದಿಲ್ಲ.

ಮೊನ್ನೆ ನಮ್ಮವರ ಒಂದು ಮದುವೆಗೆ ಹೋಗಿದ್ದೆ. ಬಿರಿಯಾನಿ ಎದುರಿಗೆ ಬಂತು. ಅಷ್ಟು ಜನರ ಮಧ್ಯೆ ಎಡಗೈಯಲ್ಲಿ ತಿನ್ನುವುದು ಹೇಗೆ? ಹಸಿವಿಲ್ಲ ಅಂದೆ. ಮನೆಗೆ ಬಂದ ಮೇಲೆ ರಿಝ್ವಾನಾ ಅನ್ನ ಕಲಸಿ ಬಾಯಿಗಿಟ್ಟಳು. ಸೊಸೆಯ ಕೈತುತ್ತು ತಿನ್ನುವಷ್ಟು ವಯಸ್ಸಾಯಿತಾ ನನಗೆ? ಅತ್ತುಬಿಟ್ಟೆ ಆಶಾ. ಅವಳೂ ಅತ್ತಳು, ಅನ್ನ ಉಪ್ಪಾಯಿತು.

ಹ್ಯೂಬರ್ಟ್ ಬಂದಿದ್ದರು. ಒಳ್ಳೆ ಜನ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಲಿಂಬೆ ಶರಬತ್ತು ಕೊಟ್ಟೆ. ಆಮೇಲೆ ಪೆನ್ನು ತೆಗೆದು "ನಾಯಿಯನ್ನು ಕಟ್ಟಿರಲಿಲ್ಲವಾ? ಮನೆಯವರು ನಿಮಗೆ ಎಂತ ಹೇಳಿದ್ದರು?" ಅಂತ ಕೇಳಿದರು. ಆ ಪೆನ್ನು ನೋಡಿ ನನಗೆ ಭಯವಾಯಿತು. ನಾನು ಏನಾದರೂ ಹೇಳಿ, ಅದು ಪೊಲೀಸರವರೆಗೆ ಹೋಗಿ, ಅವರು ನಿನ್ನ ಗೇಟಿನ ಎದುರು ಜೀಪು ನಿಲ್ಲಿಸಿದರೆ? ಓಣಿಯವರೆಲ್ಲ ಬಾಲ್ಕನಿಯಿಂದ ನೋಡುತ್ತಾರೆ. ಅದಕ್ಕೆ ಹೇಳಿದೆ, "ತಪ್ಪು ನನ್ನದೇ ಸಾರ್, ಕಾಣದೆ ಅದರ ಬಾಲ ತುಳಿದೆ."

"ಬಾಲವಾ?" ಅಂತ ಅವರು ಕೇಳಿದರು.

"ಹೌದು ಸಾರ್, ಉದ್ದ ಬಾಲ" ಅಂದೆ.

ಬರೆದುಕೊಂಡರು. ಎಡಗೈ ಹೆಬ್ಬೆಟ್ಟು ಒತ್ತಿದೆ. ನಿನ್ನ ಹೆಸರಿಗೆ ಮಸಿ ಇಲ್ಲ, ಗಾಯ ಆದದ್ದಂತೂ ನಿಜ, ಹಾಗಾಗಿ ಹಣವೂ ಬರುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ ಮಾಡಿದ್ದೇನೆ. ನನ್ನ ಬುದ್ಧಿಯನ್ನು ನೀನು ಶಾಲೆಯಲ್ಲಿಯೂ ಹೊಗಳಲಿಲ್ಲ, ಈಗಲಾದರೂ ಹೊಗಳು.

ರುಖಿಯಾ


ಸುರತ್ಕಲ್
6 ಜನವರಿ 2025

ಅಲ್ಲ ಮಾರಾಯ್ತಿ, ದಾಸುವಿಗೆ ಬಾಲ ಎಲ್ಲಿ ಉಂಟು?

ಅದು ಡಾಬರ್‌ಮನ್. ಮರಿ ಇರುವಾಗಲೇ ಮಾರಿದವನು ಬಾಲ ಕತ್ತರಿಸಿ ಕೊಟ್ಟದ್ದು. ಇರುವುದು ಒಂದು ಮೋಟು. ಅದೂ ಮೇಲೆ, ಬೆನ್ನಿನ ತುದಿಯಲ್ಲಿ. ಅದನ್ನು ತುಳಿಯಬೇಕಾದರೆ ನೀನು ಏಣಿ ಹತ್ತಬೇಕು! ಉದ್ದ ಬಾಲವಂತೆ! ಆರು ವರ್ಷ ಆಯಿತು ಆ ನಾಯಿ ಆ ಮನೆಗೆ ಬಂದು. ನಿನ್ನ ಕಣ್ಣು ಎಲ್ಲಿ ಇಟ್ಟುಕೊಂಡಿದ್ದಿ?

ಕಂಪನಿಯಿಂದ ಪತ್ರ ಬಂದಿದೆ. ಹ್ಯೂಬರ್ಟರು ಅವತ್ತೇ ನಮ್ಮ ಮನೆಗೆ ಹೋಗಿ ದಾಸುವಿನ ಫೋಟೋ ತೆಗೆದಿದ್ದಾರೆ, ಎದುರಿನಿಂದ ಒಂದು, ಹಿಂದಿನಿಂದ ಒಂದು. ಅವರು ಹೇಳುವುದು ಎರಡು. ಪೆಟ್ಟಾದವರು ನಾಯಿಯನ್ನು ತುಳಿದು ಕೆಣಕಿದ್ದರೆ ಪರಿಹಾರ ಇಲ್ಲ. ಇನ್ನು ನಾಯಿಗೆ ಬಾಲವೇ ಇಲ್ಲದ ಕಾರಣ ಆ ಮಾತೂ ಸುಳ್ಳು. ಇವರಿಬ್ಬರೂ ಚಿಕ್ಕಂದಿನಿಂದ ಗೆಳತಿಯರು, ಸೇರಿಕೊಂಡು ಕಥೆ ಕಟ್ಟಿದ್ದಾರೆ ಅಂತ ಸಂಶಯ. ಹಾಗಾಗಿ ಫೈಲ್ ಮುಚ್ಚಿದ್ದಾರೆ.

ಕೇಳಿದೆಯಾ? ತುಂಡಾದ ನಿನ್ನ ನರ, ಮಡಚದ ನಿನ್ನ ಬೆರಳು, ಎಲ್ಲ ನಾಟಕವಂತೆ. ನಾವಿಬ್ಬರೂ ಕಳ್ಳಿಯರಂತೆ.

ಓದಿ ನಿನಗೆ ಬೈದೆ. ಉದ್ದ ಬಾಲ ನೆನಪಾಗಿ ನಕ್ಕೆ, ನಿರೀಕ್ಷಾ ಹೆದರಿ ಕೋಣೆಯಿಂದ ಹೊರಗೆ ಬಂದಳು. ಆಮೇಲೆ ಮಗುವಿನ ಬಟ್ಟೆ ಮಡಚುತ್ತಾ ಅತ್ತೆ. ನೀನು ಯಾಕೆ ಹಾಗೆ ಹೇಳಿದಿ ಅಂತ ನನಗೆ ಗೊತ್ತುಂಟು. ಗೊತ್ತುಂಟು ಅಂತ ಬರೆಯುವುದೂ ತಪ್ಪಾಗುತ್ತದೋ ಏನೋ, ಬರೆದಾಯಿತು.

ಆಶಾ


ಕೊಡಿಯಾಲ್‌ಬೈಲ್
20 ಜನವರಿ 2025

ಆಶಾ,

ಕಟ್ಟಿದ ನಾಯಿಯ ಮುಖ ನೋಡಿದ್ದೇನೆ, ಹಲ್ಲು ನೋಡಿದ್ದೇನೆ. ಹಿಂದೆ ಹೋಗಿ ನೋಡಲಿಕ್ಕೆ ನಾನು ಎಂತ ಅದರ ಡಾಕ್ಟರಾ? ನಾಯಿ ಅಂದ ಮೇಲೆ ಬಾಲ ಇರುತ್ತದೆ ಅಂತ ಇಡೀ ಲೋಕ ನಂಬಿದೆ, ನಾನೂ ನಂಬಿದೆ.

ಇಷ್ಟು ನಗಲಿಕ್ಕೆ. ಇನ್ನು ಕೇಳು.

ದಾಸು ಬಂದಾಗಿನಿಂದ ನಾನು ನಿನ್ನ ಗೇಟಿನ ಹೊರಗೆ ನಿಂತು "ಆಶಾ, ದಾಸು?" ಅಂತ ಕೇಳುತ್ತೇನೆ. ನೀನು ಒಳಗಿಂದ "ಕಟ್ಟಿದ್ದೇನೆ, ಬಾ" ಅನ್ನುತ್ತಿ. ಆಮೇಲೆಯೇ ನಾನು ಚಿಲಕ ತೆಗೆಯುವುದು. ಜೊಲ್ಲು ತಾಗಿ ನನ್ನ ನಮಾಜಿಗೆ ಅಡ್ಡಿ ಆಗಬಾರದು ಅಂತ ನೀನೇ ಮಾಡಿದ ಕ್ರಮ ಇದು. ನಾನು ಕೇಳಿದ್ದಲ್ಲ, ನೀನಾಗಿ ಮಾಡಿದ್ದು. ಅದಕ್ಕೆ ನಿನ್ನ ಮೇಲೆ ನನಗೆ ಎಷ್ಟು ಪ್ರೀತಿ ಇತ್ತು ಅಂತ ಯಾವತ್ತೂ ಹೇಳಿದವಳಲ್ಲ.

ಆ ದಿನವೂ ಕೇಳಿದೆ. ಆ ದಿನವೂ ನೀನು ಹಾಗೆಯೇ ಹೇಳಿದಿ. ನಾನು ಚಿಲಕ ತೆಗೆದೆ.

ಇದನ್ನು ಬರೆಯಬಾರದು ಅಂತ ಇದ್ದೆ. ನಿನ್ನ ಹತ್ತಿರ ಹೇಳದೆ ಇನ್ನು ಯಾರ ಹತ್ತಿರ ಹೇಳಲಿ? ಆದರೆ ಕಂಪನಿಗೆ ಹೇಳುವುದಿಲ್ಲ. "ನನ್ನ ಗೆಳತಿ ಕಟ್ಟಿದ್ದೇನೆ ಅಂದಳು, ಕಟ್ಟಿರಲಿಲ್ಲ" ಅಂತ ಊರಿನವರ ಎದುರು ನನಗೆ ಬಾಯಿ ಬರುವುದಿಲ್ಲ. ಸುಳ್ಳು ಹೇಳಿದ್ದು ನನ್ನ ತಪ್ಪು, ಅದಕ್ಕೆ ಅಲ್ಲಾಹನ ಹತ್ತಿರ ಮಾಫಿ ಕೇಳಿದ್ದೇನೆ. ಫೈಲ್ ಮುಚ್ಚಿದರೆ ಮುಚ್ಚಲಿ. ಕೈ ಹೀಗೆಯೇ ಇರಲಿ. ಸಾಕು ಸಾವಾಸ.

ಈ ಪತ್ರ ಓದಿ ಒಲೆಗೆ ಹಾಕು.

ರುಖಿಯಾ


ಸುರತ್ಕಲ್
12 ಫೆಬ್ರವರಿ 2025

ರುಕ್ಕು,

ಒಲೆಗೆ ಹಾಕಲಿಲ್ಲ. ಯಾರಿಗೂ ತೋರಿಸಲೂ ಇಲ್ಲ. ಮಗುವನ್ನು ನಿರೀಕ್ಷಾಳ ಕೈಗೆ ಕೊಟ್ಟು, ಬಸ್ಸು ಹತ್ತಿ ಸೀದಾ ಬಲ್ಮಠದಲ್ಲಿರುವ ಕಂಪನಿಯ ಆಫೀಸಿಗೆ ಹೋದೆ. ಗೌರವನಿಗೆ ಹೇಳಲಿಲ್ಲ.

ಹ್ಯೂಬರ್ಟರು ಮೊದಲು ನನ್ನನ್ನು ಕೂರಿಸಿ ನೀರು ಕೊಟ್ಟರು. ನಾನು ಅಂದೆ, "ನನಗೆ ಒಂದು ನಿಜ ಹೇಳಲಿಕ್ಕುಂಟು, ಆದರೆ ಹೇಳಬಾರದು ಅಂತ ನಿಮ್ಮದೇ ಶರತ್ತು ಉಂಟು." ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಮ್ಮಾ, ಪೂರ್ತಿ ಓದಿದ್ದೀರಾ? ಪೆಟ್ಟಾದವರ ಹತ್ತಿರ ಒಪ್ಪಿಕೊಳ್ಳಬೇಡಿ ಅಂತ ಇರುವುದು. ನಮ್ಮ ಹತ್ತಿರ ನಿಜ ಹೇಳಲೇಬೇಕು ಅಂತ ಅದರ ಕೆಳಗಿನ ಸಾಲಿನಲ್ಲೇ ಉಂಟಲ್ಲ" ಅಂದರು.

ನಾವು ಒಂದು ಸಾಲು ಓದಿ ಹೆದರಿ, ಇನ್ನೊಂದು ಸಾಲು ಓದದೆ ಇಷ್ಟು ತಿಂಗಳು ಕಳೆದೆವು. ನನ್ನ ಮಗ ನಮ್ಮ ಹೋಟೆಲಿನ ಲೆಕ್ಕದಲ್ಲಿ ಹುಲಿ, ಓದುವುದರಲ್ಲಿ ಮಾತ್ರ ಅವನಪ್ಪನ ಹಾಗೆ.

ಹೇಳಿದೆ. ಎಲ್ಲ ಹೇಳಿದೆ. ಎಂತ ಹೇಳಿದೆ ಅಂತ ನಿನಗೆ ಬರೆಯುವ ಹಾಗಿಲ್ಲ. ಯಾರ ಎದುರು ಹೇಳಬೇಕಿತ್ತೋ ಅವಳನ್ನು ಬಿಟ್ಟು, ಫ್ಯಾನಿನ ಕೆಳಗೆ ಕೂತ ಒಬ್ಬ ಸರ್ವೇಯರಿಗೆ ಹೇಳಿ ಬಂದೆ.

ಈಗ ನಿನ್ನ ಸರದಿ. ನಿನ್ನ ಬಾಯಿಯಿಂದ ಅದು ಬಾರದೆ ಫೈಲ್ ತೆರೆಯುವುದಿಲ್ಲವಂತೆ. ಹೋಗು, ಬಾಲದ ಮಾತು ವಾಪಸ್ ತೆಗೆದುಕೋ, ಗೇಟಿನಲ್ಲಿ ಎಂತ ಆಯಿತು ಅಂತ ಹೇಳು. ನನ್ನ ಮಾನ ಉಳಿಸಲಿಕ್ಕೆ ಹೋಗಬೇಡ. ನನ್ನ ಮಾನ ನಿನ್ನ ಹೆಬ್ಬೆರಳಿಗಿಂತ ದೊಡ್ಡದಲ್ಲ.

ವಿಷಯ ಗೊತ್ತಾಗಿ ಗೌರವ್ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ದಾಸುವಿಗೆ ಕಬ್ಬಿಣದ ಗೂಡು ಮಾಡಿಸಲಿಕ್ಕೆ ಆರ್ಡರ್ ಕೊಟ್ಟನಂತೆ.

ಆಶಾ


ಕೊಡಿಯಾಲ್‌ಬೈಲ್
8 ಏಪ್ರಿಲ್ 2025

ಆಶಾ,

ನಿನ್ನ ಪತ್ರ ಬಂದು ಎಷ್ಟು ದಿನವಾಯಿತು, ಉತ್ತರ ಬರೆಯಲಿಲ್ಲ ಅಂತ ಕೋಪ ಮಾಡಬೇಡ. ಹೋಗುವುದಾ ಬೇಡವಾ ಅಂತ ಮನಸ್ಸು ಡೋಲಾಯಮಾನ ಆಗಿತ್ತು. ಕಡೆಗೆ ರಿಝ್ವಾನಾ "ಮಾಮಿ, ಆಂಟಿ ಅಷ್ಟು ದೂರದಿಂದ ಬಂದು ಹೇಳಿದರು, ನಿಮಗೆ ಬಲ್ಮಠಕ್ಕೆ ಹೋಗಲಿಕ್ಕೆ ಆಗುವುದಿಲ್ಲವಾ" ಅಂದಳು. ಉಪವಾಸದ ತಿಂಗಳಲ್ಲಿ ಸುಳ್ಳು ಹೊತ್ತುಕೊಂಡು ಇರುವುದೂ ಕಷ್ಟವೇ. ಹೋದೆ. ಹೇಳಿದೆ. ಹ್ಯೂಬರ್ಟರು ನಗಲಿಲ್ಲ, ಅದೊಂದು ದೊಡ್ಡ ಉಪಕಾರ. ಇಬ್ಬರ ಮಾತೂ ತಾಳೆಯಾಯಿತು ಅಂತ ಬರೆದರು.

ಫೈಲ್ ತೆರೆದಿದೆ. ಆದರೆ ಈಗ ಬಂದ ಉತ್ತರ ಕೇಳು. ಆಸ್ಪತ್ರೆ ಬಿಲ್ಲು, ಇಂಜೆಕ್ಷನ್ನು, ಅಷ್ಟೇ. ಆಪರೇಷನಿಗೆ ಇಲ್ಲ. ಕೆಲಸ ಹೋದದ್ದಕ್ಕೂ ಇಲ್ಲ. ಕಾಗದದಲ್ಲಿ ನನ್ನ ಹೆಸರಿನ ಎದುರು "ಉದ್ಯೋಗ: ಗೃಹಿಣಿ" ಅಂತ ಹಾಕಿದ್ದಾರೆ. ಗೃಹಿಣಿಯಂತೆ! ಈ ಊರಿನ ಅರ್ಧ ಮದುಮಗಳಂದಿರ ಬೆನ್ನಿನ ಅಳತೆ ನನ್ನ ಬಾಯಲ್ಲಿ ಉಂಟು.

ಕೇಳಿದರೆ "ಅಂಗಡಿ ಬೋರ್ಡ್ ಉಂಟಾ, ರಸೀದಿ ಪುಸ್ತಕ ಉಂಟಾ" ಅಂತಾರೆ. ಮನೆಯ ಚಾವಡಿಯಲ್ಲಿ ಕೂತು ಹೊಲಿಯುವವಳಿಗೆ ಬೋರ್ಡ್ ಎಲ್ಲಿಂದ? ಮದುವೆ ಮನೆಯವರಿಗೆ ರಸೀದಿ ಕೊಟ್ಟರೆ ಅವರು ಇನ್ನೊಮ್ಮೆ ಬರುತ್ತಾರಾ?

ಪೆರ್ನಾಲ್ ಹಬ್ಬಕ್ಕೆ ಪ್ರತಿ ವರ್ಷ ನನಗೆ ಉಸಿರು ಬಿಡಲಿಕ್ಕೆ ಸಮಯ ಇರುವುದಿಲ್ಲ. ಈ ಸಲ ಮಿಷನಿನ ಮೇಲೆ ಬೆಡ್‌ಶೀಟ್ ಹಾಕಿ ಮುಚ್ಚಿದ್ದೆ. ಬಟ್ಟೆ ಹಿಡಿದುಕೊಂಡು ಬಂದವರು ಮಡಚದ ಬೆರಳು ನೋಡಿ, ಚಹಾ ಕುಡಿದು, ಬಟ್ಟೆ ತೆಗೆದುಕೊಂಡು ಹೋದರು. ಒಬ್ಬಳು "ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ರುಖಿಯಕ್ಕ" ಅಂದಳು. ವಿಶ್ರಾಂತಿಯಂತೆ, ಅವಳ ಮಂಡೆ. ಕೆಲಸ ಇಲ್ಲದೆ ನಾನು ಯಾರು ಅಂತಲೇ ಗೊತ್ತಾಗುವುದಿಲ್ಲ ಆಶಾ.

ಮಳೆಗಾಲ ಹತ್ತಿರ ಬಂತು. ಡಾಕ್ಟರು ಎರಡು ಸಲ ನೆನಪಿಸಿದರು.

ರುಖಿಯಾ


ಸುರತ್ಕಲ್
14 ಮೇ 2025

ರುಕ್ಕು,

ಇಷ್ಟು ದಿನ ಎಲ್ಲಿ ಸತ್ತಿದ್ದಳು ಅಂತ ಕೇಳಬೇಡ, ಊರೆಲ್ಲ ತಿರುಗುತ್ತಿದ್ದೆ. ನಿರೀಕ್ಷಾಳ ಹತ್ತಿರ ಕಾರು ಕೇಳಿದರೆ ಕಾರಣ ಹೇಳಬೇಕು, ಅದಕ್ಕೆ ಬಸ್ಸಿನಲ್ಲೇ.

ಬೋರ್ಡ್ ಇಲ್ಲ, ರಸೀದಿ ಇಲ್ಲ ಅಂತ ತಾನೇ ಅವರ ರಾಗ? ಮದುವೆ ಆಲ್ಬಂ ಉಂಟಲ್ಲ! ನೀನು ಹೊಲಿದ ರವಿಕೆ ಹಾಕಿಕೊಂಡು ಮದುಮಗಳು ಆದವರ ಮನೆಮನೆಗೆ ಹೋದೆ. ನಮ್ಮ ಬಂಟರ ಮನೆಯಲ್ಲಿ ಆಲ್ಬಂ ಕೇಳಿದರೆ ಎಂತ ಆಗುತ್ತದೆ ಗೊತ್ತುಂಟಲ್ಲ, ಒಂದು ಫೋಟೋ ಸಾಕು ಅಂದರೆ ಮೆಹಂದಿಯಿಂದ ಬೀಗರೂಟದವರೆಗೆ ತೋರಿಸಿ, ಮೇಲೆ ನೀರುದೋಸೆ ತಿನ್ನಿಸದೆ ಬಿಡುವುದಿಲ್ಲ. ಹೊಟ್ಟೆ ಕೆಟ್ಟು ಹೋಗಿದೆ ನನ್ನದು. ಯಶ್ಮಿತಾ ಫೋಟೋ ಕೊಡುವಾಗ ಅತ್ತಳು. ಅವಳ ತಂಗಿಯ ರವಿಕೆಯೂ ನಿನ್ನದೇ ಆಗಬೇಕು ಅಂತ ಮದುವೆಯನ್ನೇ ಡಿಸೆಂಬರಿಗೆ ಹಾಕಿದ್ದಾರಂತೆ. ಬಲ್ಮಠದ ರೀಮಾ ಇಗರ್ಜಿಯ ಮದುವೆಯ ಫೋಟೋ, ಆಮೇಲೆ ಸೀರೆ ಉಟ್ಟದ್ದು, ಎರಡನ್ನೂ ಕೊಟ್ಟಳು. ಎಲ್ಲರೂ ಫೋಟೋದ ಹಿಂದೆ "ಇದನ್ನು ಹೊಲಿದದ್ದು ರುಖಿಯಾ" ಅಂತ ಬರೆದು ಸಹಿ ಹಾಕಿದ್ದಾರೆ.

ಒಂದು ಚೀಲ ತುಂಬಿತು. ಅದನ್ನು ಹಿಡಿದುಕೊಂಡು ಹೋಗಿ ಕಂಪನಿಯಲ್ಲಿ ದೂರು ಕೇಳುವ ಆಫೀಸರಮ್ಮನ ಮೇಜಿನ ಮೇಲೆ ಸುರಿದೆ. ಅವಳು ಒಂದು ಫೋಟೋ ಹತ್ತಿರ ಹಿಡಿದು, ತೋಳಿನ ಜರಿ ಕೆಲಸ ತೋರಿಸಿ, "ಇದು ಮಿಷನಿನದ್ದಾ?" ಅಂತ ಕೇಳಿದಳು. "ಮಿಷನಿಗೆ ಹೆಬ್ಬೆರಳು ಉಂಟಾ ಮೇಡಂ?" ಅಂದೆ. ಅವಳು ಒಂದೊಂದೇ ಫೋಟೋ ತಿರುಗಿಸಿ ಹಿಂದಿನ ಬರಹ ಓದುತ್ತಾ ಕೂತಳು.

ನಿನ್ನೆ ಫೋನು ಬಂತು. ಆಪರೇಷನಿನ ಖರ್ಚು ಪೂರ್ತಿ, ಒಂದು ವರ್ಷದ ದುಡಿಮೆ, ಎರಡನ್ನೂ ಸೇರಿಸಿದ್ದಾರೆ. ಕೇಳಿದ್ದಕ್ಕಿಂತ ಸ್ವಲ್ಪ ಕಮ್ಮಿ, ಆದರೆ ನ್ಯಾಯಕ್ಕೆ ಹತ್ತಿರ ಉಂಟು. ನಿನಗೆ ಒಂದು ಕಾಗದ ಬರುತ್ತದೆ, ಅದಕ್ಕೆ ಸಹಿ ಹಾಕಿ ಕಳಿಸಿದರೆ ಹಣ ಬರುತ್ತದೆ. ಬೇಗ ಹಾಕು. ಮೋಡ ಕಟ್ಟುತ್ತಾ ಉಂಟು.

ಆಶಾ


ಕೊಡಿಯಾಲ್‌ಬೈಲ್
24 ಮೇ 2025

ಆಶಾ,

ಆಲ್ಬಂ ಸುದ್ದಿ ಓದಿ ಎಷ್ಟು ಹೊತ್ತು ಅತ್ತೆ ಅಂತ ರಿಝ್ವಾನಾಳ ಹತ್ತಿರ ಕೇಳು. ನನ್ನ ಕೆಲಸವನ್ನು ಯಾರೂ ಮರೆತಿಲ್ಲ ಅಂತ ಗೊತ್ತಾದದ್ದೇ ಸಾಕಿತ್ತು ನನಗೆ.

ಕಾಗದ ಬಂತು. ಸಹಿ ಹಾಕಲಿಲ್ಲ.

ಬೈಯುವ ಮೊದಲು ಪೂರ್ತಿ ಓದು. ಹಣದ ಕೆಳಗೆ ಒಂದು ಸಾಲು ಉಂಟು. ಈ ಮೊತ್ತವನ್ನು ಪಡೆದ ನಂತರ ಶ್ರೀಮತಿ ಆಶಾಲತಾ ಅವರ ಮೇಲೆ ನನಗೆ ಇಂದಾಗಲಿ ಮುಂದಾಗಲಿ ಯಾವುದೇ ಹಕ್ಕು ಇರುವುದಿಲ್ಲ ಅಂತ. ರಿಝ್ವಾನಾ "ಅದು ಎಲ್ಲರಿಗೂ ಹಾಗೇ ಬರೆಯುವುದು ಮಾಮಿ" ಅಂದಳು. ಎಲ್ಲರಿಗೂ ಸರಿ. ನನಗೆ?

ಗೌರವನ ಕಾಗದಕ್ಕೆ ಸಹಿ ಹಾಕದೆ ಕಳಿಸಿದ್ದು ಕೋಪದಿಂದ. ಇದು ಕೋಪ ಅಲ್ಲ. ಈ ಆರೇಳು ತಿಂಗಳು ನಾನು ಕಾದದ್ದು ಹಣಕ್ಕೆ ಮಾತ್ರವಾ? ನಿನ್ನಿಂದ ಒಂದು ಮಾತು ನನಗೆ ಇನ್ನೂ ಬರಲಿಕ್ಕುಂಟು. ಯಾವುದು ಅಂತ ನಿನಗೆ ಗೊತ್ತುಂಟು. ಸಹಿ ಹಾಕಿದ ಮೇಲೆ ಅದನ್ನು ಕೇಳುವ ಹಕ್ಕೂ ಇಲ್ಲ ಅಂತಾದರೆ, ಮೊದಲು ಅದು ಬರಲಿ.

ಡಾಕ್ಟರು ಜೂನ್ ಮೊದಲ ವಾರ ಅಂದಿದ್ದಾರೆ. ನಾನು ಹಟಮಾರಿ, ನಿನಗೆ ಹೊಸತಲ್ಲ.

ರುಖಿಯಾ


ಸುರತ್ಕಲ್
29 ಮೇ 2025

ರುಕ್ಕು,

ಶರತ್ತಿನ ಪ್ರಕಾರ ನೀನು ಸಹಿ ಹಾಕುವವರೆಗೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಗೌರವನಿಗೆ ತೋರಿಸದೆ ಬರೆಯುತ್ತಿದ್ದೇನೆ. ಕಂಪನಿ ಕೈ ಎತ್ತಿದರೆ ನನ್ನ ಬಳೆ ಉಂಟು, ಗಂಡನ ಹೋಟೆಲಿನ ಗಲ್ಲಾ ಉಂಟು, ಆಗ ಅದನ್ನು ನೀನು ದಾನ ಅಂತ ಹೇಳಬಾರದು.

ತಪ್ಪು ನನ್ನದು.

ನಿರೀಕ್ಷಾಳ ಫೋನು ಬಂದಿತ್ತು, ಹೊಟ್ಟೆನೋವು ಅಂತ ಹೇಳುತ್ತಿದ್ದಳು. ಬೆಳಿಗ್ಗೆ ದಾಸುವನ್ನು ಬಿಟ್ಟವಳು ನಾನೇ, ಕಟ್ಟಲಿಕ್ಕೆ ಮರೆತವಳೂ ನಾನೇ. ನೀನು ಗೇಟಿನಿಂದ ಕೇಳಿದಿ. ಫೋನು ಕಿವಿಯಿಂದ ತೆಗೆಯದೆ, ಹಿಂದೆ ತಿರುಗಿ ನೋಡದೆ, ಬಾಯಿಪಾಠದ ಹಾಗೆ ಹೇಳಿಬಿಟ್ಟೆ. ಆರು ವರ್ಷ ಹೇಳಿ ಹೇಳಿ ಆ ಮಾತಿಗೆ ಅರ್ಥವೇ ಇಲ್ಲದೆ ಹೋಗಿತ್ತು. ನಿನಗೆ ಮಾತ್ರ ಅದರ ಮೇಲೆ ನಂಬಿಕೆ ಇತ್ತು. ನೀನು ಚಿಲಕ ತೆಗೆದ ಸದ್ದು ಕೇಳಿದ ಮೇಲೆ ನನಗೆ ನೆನಪಾಯಿತು. ಕೂಗುವಷ್ಟರಲ್ಲಿ ಆಗಿಹೋಗಿತ್ತು.

ಅದಕ್ಕೇ ಮಣ್ಣು ತರಲಿಕ್ಕೆ ಓಡಿದ್ದು. ನಿನ್ನ ಮುಖ ನೋಡಲಿಕ್ಕೆ ಆಗದೆ.

ನನ್ನನ್ನು ಕ್ಷಮಿಸು ರುಕ್ಕು. ಇದನ್ನು ಆವತ್ತೇ, ಅಲ್ಲೇ, ನಲ್ಲಿಯ ಹತ್ತಿರವೇ ಹೇಳಬೇಕಿತ್ತು.

ಇನ್ನು ಆ ಕಾಗದದ ವಿಷಯ. ನನ್ನ ಮೇಲೆ ನಿನಗಿರುವ ಹಕ್ಕು ಕಂಪನಿ ಕೊಟ್ಟದ್ದಾ, ಕಂಪನಿ ಕಿತ್ತುಕೊಳ್ಳಲಿಕ್ಕೆ? ಸಹಿ ಹಾಕು. ಕೈ ಸರಿ ಮಾಡಿಸಿಕೋ. ಸೋಮವಾರ ನಾನು ಮನೆಗೆ ಬರುತ್ತೇನೆ. ಮಗುವನ್ನೂ ಕರೆದುಕೊಂಡು ನಿರೀಕ್ಷಾ ಬರುತ್ತಾಳೆ, ಗೂಡು ನೋಡಿ ಒಪ್ಪಿದ್ದಾಳೆ.

ಆಶಾ


ಕೊಡಿಯಾಲ್‌ಬೈಲ್
3 ಜೂನ್ 2025

ಆಶಾ,

ಇದನ್ನು ಪೋಸ್ಟಿಗೆ ಹಾಕುವುದಿಲ್ಲ. ನಿಮ್ಮ ಮನೆಯಲ್ಲಿ ಮಗು ಅಳುವುದು ಇಲ್ಲಿಗೆ ಕೇಳುತ್ತದೆ. ಗೋಡೆಯ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಲ್ಲು ಇಟ್ಟು ಇಡುತ್ತೇನೆ. ಮಳೆ ಬರುವ ಮೊದಲು ತೆಗೆದುಕೋ.

ನಿನ್ನ ಪತ್ರ ಓದಿದೆ. ಆಮೇಲೆ ಸಹಿ ಹಾಕಿದೆ, ಎಡಗೈಯಲ್ಲೇ, ಹೆಬ್ಬೆಟ್ಟಲ್ಲ, ಪೂರ್ತಿ ಹೆಸರು. ಹ್ಯೂಬರ್ಟರು ಬಂದು ತೆಗೆದುಕೊಂಡು ಹೋದರು. ಶುಕ್ರವಾರ ಆಸ್ಪತ್ರೆಗೆ ಸೇರುವುದು. ನನಗೆ ಹೆದರಿಕೆ ಆಗುತ್ತದೆ, ಯಾರಿಗೂ ಹೇಳಲಿಲ್ಲ, ನಿನಗೆ ಹೇಳಿದೆ. ನೀನು ನನ್ನ ಜೊತೆ ಬರಬೇಕು.

ಕಾಗದದ ಪ್ರಕಾರ ಈಗ ನಿನ್ನ ಮೇಲೆ ನನಗೆ ಯಾವ ಹಕ್ಕೂ ಇಲ್ಲ. ಹಾಗಾಗಿ ಹಕ್ಕಿಲ್ಲದೆಯೇ ಹೇಳುತ್ತೇನೆ, ಇವತ್ತು ಸಂಜೆ ಚಹಾ ಇಡು, ನನ್ನದಕ್ಕೆ ಸಕ್ಕರೆ ಜಾಸ್ತಿ. ಎಂದಿನ ಹಾಗೆ ಗೇಟಿನ ಹೊರಗೆ ನಿಂತು ಕೇಳುತ್ತೇನೆ.

ಉತ್ತರ ಹೇಳುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡು.

ರುಕ್ಕು